ಪುಣ್ಯದ ಲೆಕ್ಕ ತಪ್ಪಿದರೆ: ‘ಗ್ರಿಮ್ ಫ್ಯಾಂಡ್ಯಾಂಗೊ’ ಎಂಬ ಗಣಕ ಆಟವನ್ನು ಮತ್ತೆ ನೋಡಿದಾಗ

ಅಜ್ಜಿಯ ತಿಥಿಯ ದಿನ ಎಲೆಯ ಮುಂದೆ ಕುಳಿತ ಮಗು ಕೇಳುತ್ತದೆ: ‘ಅಜ್ಜಿ ಈಗ ಎಲ್ಲಿದ್ದಾರೆ?’ ದೇವರ ಬಳಿಗೆ ಹೋದರು ಎಂದು ನಾವು ಹೇಳಿ ಮುಗಿಸುತ್ತೇವೆ. ಮಗು ಅಷ್ಟಕ್ಕೇ ಬಿಡುವುದಿಲ್ಲ. ಹೇಗೆ ಹೋದರು, ಯಾವ ಗಾಡಿಯಲ್ಲಿ ಹೋದರು, ಎಷ್ಟು ದಿನದ ದಾರಿ, ಜೊತೆಗೆ ಯಾರಿದ್ದರು ಎಂದು ಪ್ರಶ್ನೆಗಳ ಸಾಲು ಬೆಳೆಯುತ್ತದೆ. ದೊಡ್ಡವರಿಗೆ ಉತ್ತರ ತೋಚುವುದಿಲ್ಲ. ಇನ್ನಷ್ಟು ಪಾಯಸ ಬಡಿಸಿ ಮಾತು ಮರೆಸುತ್ತೇವೆ.

ಮಗುವಿನ ಈ ಪ್ರಶ್ನೆಗಳನ್ನೇ ಹಿಡಿದು, ನಗುನಗುತ್ತಲೇ ಉತ್ತರ ಹುಡುಕಿದ ಗಣಕಯಂತ್ರದ ಆಟವೊಂದಿದೆ. ಅದರ ಹೆಸರು ‘ಗ್ರಿಮ್ ಫ್ಯಾಂಡ್ಯಾಂಗೊ’. ಅಮೆರಿಕದ ಲೂಕಾಸ್‌ಆರ್ಟ್ಸ್ ಸಂಸ್ಥೆ 1998ರ ಅಕ್ಟೋಬರ್ ಕೊನೆಯಲ್ಲಿ ಇದನ್ನು ಹೊರತಂದಿತು. ಇದರ ಕಥೆ, ಕಲ್ಪನೆ, ನಿರ್ದೇಶನ ಟಿಮ್ ಶೇಫರ್ ಅವರದು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದಿದ್ದರೂ ಗಣಕ ಆಟಗಳ ಇತಿಹಾಸ ಬಲ್ಲವರು ಇದನ್ನು ಪ್ರೀತಿಯಿಂದಲೇ ನೆನೆಯುತ್ತಾರೆ. ಆಟ ಎಂದೊಡನೆ ಗುಂಡಿನ ಸದ್ದು, ಕಾರಿನ ಓಟ ಇವಷ್ಟೇ ನೆನಪಾಗುವ ನಮ್ಮ ಮನೆಗಳ ಹಿರಿಯರಿಗೂ ಇದರ ಪರಿಚಯವಾಗಬೇಕು. ಏಕೆಂದರೆ ಇದು ಎತ್ತುವ ಪ್ರಶ್ನೆ ಹಿರಿಯರದೇ ಪ್ರಶ್ನೆ: ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ ಎಂಬ ಮಾತು ಸುಳ್ಳಾಗುವುದನ್ನು ಕಣ್ಣೆದುರಿಗೆ ಕಂಡಾಗ ಮಾಡಬೇಕಾದುದೇನು?

ಸಾಹಸ ಆಟವೆಂದರೇನು?

ಮೊದಲಿಗೆ ಈ ಬಗೆಯ ಆಟದ ಸ್ವರೂಪವನ್ನು ತಿಳಿದುಕೊಳ್ಳೋಣ. ‘ಸಾಹಸ ಆಟ’ ಎಂಬ ಹೆಸರು ಕೇಳಿ ಹೊಡೆದಾಟವೆಂದು ಭಾವಿಸಬೇಕಾಗಿಲ್ಲ. 1970ರ ದಶಕದ ನಡುವಿನಲ್ಲಿ ವಿಲ್ ಕ್ರೌದರ್ ಎಂಬ ಅಮೆರಿಕದ ಕ್ರಮವಿಧಿಕಾರರು ತಾವು ಓಡಾಡಿದ ಕೆಂಟಕಿಯ ದೊಡ್ಡ ಗುಹಾಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಆಟ ಬರೆದರು. ಅದರಲ್ಲಿ ಚಿತ್ರವೇ ಇರಲಿಲ್ಲ. ಪರದೆಯ ಮೇಲೆ ಗುಹೆಯ ವರ್ಣನೆ ಮೂಡುತ್ತಿತ್ತು. ಆಡುವವರು ಒಂದೆರಡು ಪದ ಬೆರಳಚ್ಚಿಸಿ ಮುಂದೆ ನಡೆಯಬೇಕಿತ್ತು. 1977ರಲ್ಲಿ ಡಾನ್ ವುಡ್ಸ್ ಅದನ್ನು ವಿಸ್ತರಿಸಿದರು. ‘ಅಡ್ವೆಂಚರ್’ ಎಂಬ ಆ ಆಟದ ಹೆಸರೇ ಮುಂದೆ ಒಂದು ಪ್ರಕಾರದ ಹೆಸರಾಯಿತು.

ಮುಂದಿನ ವರ್ಷಗಳಲ್ಲಿ ಈ ಪ್ರಕಾರಕ್ಕೆ ಚಿತ್ರ, ಸಂಗೀತ, ಧ್ವನಿಗಳು ಸೇರಿದವು. ಮೂಲ ಲಕ್ಷಣ ಮಾತ್ರ ಹಾಗೆಯೇ ಉಳಿಯಿತು. ಇಲ್ಲಿ ಬೆರಳಿನ ವೇಗಕ್ಕೆ ಬೆಲೆಯಿಲ್ಲ. ಊರೂರು ಸುತ್ತಬೇಕು, ಜನರನ್ನು ಮಾತನಾಡಿಸಬೇಕು, ಸಿಕ್ಕ ವಸ್ತುಗಳನ್ನು ಜೋಪಾನವಾಗಿಟ್ಟುಕೊಳ್ಳಬೇಕು, ಯಾವುದು ಎಲ್ಲಿ ಉಪಯೋಗಕ್ಕೆ ಬಂದೀತೆಂದು ಯೋಚಿಸಬೇಕು. ಒಗಟು ಬಿಡಿಸಿದರೆ ಕಥೆ ಮುಂದಕ್ಕೆ ಸಾಗುತ್ತದೆ. ಒಗಟು ಬಿಡಿಸುವುದರಲ್ಲಿ ಪಳಗಿದ ನಮ್ಮ ಅಜ್ಜಿಯರಿಗೆ ಇದರ ರುಚಿ ಹತ್ತುವುದು ಕಷ್ಟವೇನಲ್ಲ.

ಲೂಕಾಸ್‌ಆರ್ಟ್ಸ್ ಈ ಪ್ರಕಾರದಲ್ಲಿ ಹೆಸರಾದ ಸಂಸ್ಥೆ. ಶೇಫರ್ ಅಲ್ಲಿ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ (1990), ‘ಡೇ ಆಫ್ ದ ಟೆಂಟಕಲ್’ (1993), ‘ಫುಲ್ ಥ್ರಾಟಲ್’ (1995) ಆಟಗಳಲ್ಲಿ ದುಡಿದು ಅನುಭವ ಗಳಿಸಿದ್ದರು. ಆ ಸಂಸ್ಥೆಯ ಆಟಗಳಲ್ಲಿ, ವಿಶೇಷವಾಗಿ 1990ರ ನಂತರದವುಗಳಲ್ಲಿ, ಒಂದು ಉದಾರ ನಿಯಮವಿತ್ತು: ಆಡುವವರು ತಪ್ಪು ಮಾಡಿದರೆಂದು ಕಥಾನಾಯಕನನ್ನು ಕೊಲ್ಲಬಾರದು, ಹಿಂದಿರುಗಲಾರದ ದಾರಿಯಲ್ಲಿ ಅವರನ್ನು ಸಿಲುಕಿಸಬಾರದು. ‘ಗ್ರಿಮ್ ಫ್ಯಾಂಡ್ಯಾಂಗೊ’ದಲ್ಲಿ ಈ ನಿಯಮಕ್ಕೆ ಬೇರೆಯೇ ಸೊಗಸು ಬಂದಿದೆ. ಇಲ್ಲಿ ನಾಯಕ ಮೊದಲೇ ಸತ್ತವನು.

ಮೆಕ್ಸಿಕೋದ ಹಿರಿಯರ ಹಬ್ಬ

ಆಟದ ಬೇರು ಇರುವುದು ಮೆಕ್ಸಿಕೋದಲ್ಲಿ. ಅಲ್ಲಿ ಪ್ರತಿವರ್ಷ ನವೆಂಬರ್ 1 ಮತ್ತು 2ರಂದು ‘ಮೃತರ ದಿನ’ ಆಚರಿಸುತ್ತಾರೆ. ತೀರಿಕೊಂಡ ಹಿರಿಯರು ಅಂದು ಮನೆಗೆ ಬಂದು ಹೋಗುತ್ತಾರೆಂಬ ನಂಬಿಕೆ. ಮನೆಯಲ್ಲಿ ಒಂದು ಪೀಠ ಸಿದ್ಧಪಡಿಸಿ, ಅವರ ಭಾವಚಿತ್ರವಿಟ್ಟು, ದೀಪ ಹಚ್ಚಿ, ಧೂಪ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದ ತಿಂಡಿತೀರ್ಥಗಳನ್ನು ಮುಂದಿಡುತ್ತಾರೆ. ಮಹಾಲಯ ಅಮಾವಾಸ್ಯೆಯ ಸುಮಾರಿನಲ್ಲಿ ಹಿರಿಯರಿಗೆ ಎಡೆಯಿಡುವ ಮನೆಗಳಿಂದ ಬಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸತ್ತವರ ದಾರಿಗೆ ಅಲ್ಲಿ ಹಾಸುವ ಹಳದಿ ಕೇಸರಿ ಹೂವು ನಮ್ಮ ದಸರೆಯ ಚೆಂಡುಹೂವಿನ ಜಾತಿಯದೇ. ಆ ಗಿಡದ ತವರು ಮೆಕ್ಸಿಕೋ ಸೀಮೆ. ಕಡಲು ದಾಟಿ ಬಂದು ನಮ್ಮ ಹೊಸಿಲಿನ ತೋರಣವಾಯಿತು.

ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮೆಕ್ಸಿಕೋದವರು ಈ ದಿನ ಅಳುವುದಕ್ಕಿಂತ ನಗುವುದೇ ಹೆಚ್ಚು. ಸಕ್ಕರೆಯಲ್ಲಿ ತಲೆಬುರುಡೆ ಮಾಡಿ ಮಕ್ಕಳಿಗೆ ಕೊಡುತ್ತಾರೆ. ಕಾಗದದ ರಚ್ಚಿನಿಂದ ಅಸ್ಥಿಪಂಜರದ ಗೊಂಬೆಗಳನ್ನು ಮಾಡಿ, ಕೋಟು ಟೋಪಿ ತೊಡಿಸಿ, ಪಿಟೀಲು ಹಿಡಿಸಿ ನಿಲ್ಲಿಸುತ್ತಾರೆ. ಹೊಸೆ ಗ್ವಾಡಲುಪೆ ಪೊಸಾದ (1852–1913) ಎಂಬ ಚಿತ್ರಕಾರ ಇಂಥ ಅಸ್ಥಿಪಂಜರಗಳನ್ನು ಬರೆದೇ ತನ್ನ ಕಾಲದ ಸಿರಿವಂತರನ್ನು ಲೇವಡಿ ಮಾಡಿದ. ಮೇಲಿನ ಬಟ್ಟೆ ಎಷ್ಟೇ ಬೆಲೆಬಾಳಲಿ, ಒಳಗಿನ ಮೂಳೆ ಎಲ್ಲರದೂ ಒಂದೇ ಎಂಬುದು ಆ ಚಿತ್ರಗಳ ಇಂಗಿತ. ಯುನೆಸ್ಕೊ ಸಂಸ್ಥೆ 2008ರಲ್ಲಿ ಈ ಆಚರಣೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2017ರಲ್ಲಿ ಬಂದ ‘ಕೊಕೊ’ ಚಲನಚಿತ್ರವನ್ನು ಮಕ್ಕಳೊಡನೆ ನೋಡಿದವರಿಗೆ ಇದರ ಬಣ್ಣಗಳು ನೆನಪಿರಬಹುದು.

ಈ ಹಬ್ಬದ ಹಿಂದೆ ಸ್ಪೇನಿನವರು ಬರುವುದಕ್ಕೂ ಮೊದಲಿನ ಅಜ್ಟೆಕ್ ಜನರ ನಂಬಿಕೆಗಳ ನೆರಳಿದೆ. ಸಾಮಾನ್ಯವಾಗಿ ಕಾಯಿಲೆ ಅಥವಾ ಮುಪ್ಪಿನಿಂದ ಸತ್ತವರು ‘ಮಿಕ್ಟ್ಲಾನ್’ ಎಂಬ ಪಾತಾಳಲೋಕಕ್ಕೆ ಹೋಗುತ್ತಿದ್ದರು. ಅದಕ್ಕೆ ಒಂಬತ್ತು ಹಂತ. ಕೊನೆಯ ಹಂತ ಮುಟ್ಟಲು ನಾಲ್ಕು ವರ್ಷ. ನಡುವೆ ಬೆಟ್ಟ, ನದಿ, ಚೂರಿಯಂತೆ ಕೊಯ್ಯುವ ಗಾಳಿ. ವೈತರಣಿಯ ಕಥೆ ಕೇಳಿದ ಕಿವಿಗೆ ಇದು ಅಪರಿಚಿತವೆನಿಸದು. ಆದರೆ ಅಲ್ಲಿ ಚಿತ್ರಗುಪ್ತನಿಗೆ ಸಮಾನನಾದ ಲೆಕ್ಕಿಗನಿರಲಿಲ್ಲ. ಒಬ್ಬನ ಗತಿಯನ್ನು ನಿರ್ಧರಿಸುತ್ತಿದ್ದುದು ಆತ ಹೇಗೆ ಬಾಳಿದ ಎಂಬುದಕ್ಕಿಂತ ಹೆಚ್ಚಾಗಿ ಹೇಗೆ ಸತ್ತ ಎಂಬುದು. ಯುದ್ಧದಲ್ಲಿ ಮಡಿದವರಿಗೆ ಸೂರ್ಯನ ಸಂಗಾತ, ನೀರಿನಲ್ಲಿ ಮುಳುಗಿದವರಿಗೆ ಮಳೆದೇವರ ಲೋಕ, ಉಳಿದವರಿಗೆ ಈ ನಾಲ್ಕು ವರ್ಷದ ನಡಿಗೆ.

ಶೇಫರ್ ಈ ನಂಬಿಕೆಯಿಂದ ನಾಲ್ಕು ವರ್ಷದ ಪಯಣವನ್ನೂ ಒಂಬತ್ತನೆಯ ಲೋಕವನ್ನೂ ತೆಗೆದುಕೊಂಡರು. ಅದಕ್ಕೆ ಪಾಪಪುಣ್ಯದ ಲೆಕ್ಕವನ್ನು ತಾವೇ ಸೇರಿಸಿದರು. ಆ ಲೆಕ್ಕ ಇಡುವ ಕೆಲಸವನ್ನು ದೇವರಿಗೆ ಒಪ್ಪಿಸದೆ ಒಂದು ಕಚೇರಿಗೆ ಒಪ್ಪಿಸಿದರು. ಆಟದ ತಿರುಳೆಲ್ಲ ಈ ಒಂದು ಬದಲಾವಣೆಯಲ್ಲಿದೆ.

ಮೃತ್ಯು ಇಲಾಖೆಯ ಗುಮಾಸ್ತ

ಕಥಾನಾಯಕನ ಹೆಸರು ಮ್ಯಾನಿ ಕಲವೆರಾ. ‘ಕಲವೆರಾ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ತಲೆಬುರುಡೆ. ಸತ್ತವರ ನಾಡಿನ ಎಲ್ ಮ್ಯಾರೊ ನಗರದಲ್ಲಿರುವ ‘ಮೃತ್ಯು ಇಲಾಖೆ’ಯಲ್ಲಿ ಇವನಿಗೆ ಉದ್ಯೋಗ. ಕಪ್ಪು ನಿಲುವಂಗಿ ತೊಟ್ಟು, ಕುಡುಗೋಲು ಹಿಡಿದು ಬದುಕಿರುವವರ ಲೋಕಕ್ಕೆ ಹೋಗಿ ಹೊಸದಾಗಿ ಸತ್ತವರನ್ನು ಕರೆತರಬೇಕು. ಆಮೇಲೆ ಮೇಜಿನ ಮುಂದೆ ಕೂರಿಸಿ ಮುಂದಿನ ಪ್ರಯಾಣದ ಏರ್ಪಾಟು ಮಾಡಿಕೊಡಬೇಕು. ಸರಳವಾಗಿ ಹೇಳುವುದಾದರೆ ಯಮದೂತನೇ ಇಲ್ಲಿ ಟ್ರಾವೆಲ್ ಏಜೆಂಟ್.

ಪುಣ್ಯವಿದ್ದಷ್ಟು ಪ್ರಯಾಣ ಸುಖಕರ. ಅತ್ಯಂತ ಸಜ್ಜನರಿಗೆ ‘ನಂಬರ್ ನೈನ್’ ಎಂಬ ರೈಲಿನ ಟಿಕೆಟ್ಟು. ನಾಲ್ಕು ವರ್ಷದ ದಾರಿಯನ್ನು ಅದು ನಾಲ್ಕೇ ನಿಮಿಷದಲ್ಲಿ ಮುಗಿಸುತ್ತದೆ. ಅದಕ್ಕಿಂತ ಕಡಿಮೆ ಪುಣ್ಯವಿದ್ದವರಿಗೆ ಕಾರು, ಹಡಗು ಇತ್ಯಾದಿ. ತೀರ ಕೆಳಗಿನವರಿಗೆ ಹಿಡಿಯಲ್ಲಿ ದಿಕ್ಸೂಚಿಯಿರುವ ಊರುಗೋಲೊಂದನ್ನು ಕೊಟ್ಟು ನಡೆದೇ ಹೋಗಿ ಎನ್ನುತ್ತಾರೆ. ಮ್ಯಾನಿಯಂಥ ನೌಕರರು ಇಲ್ಲಿ ದುಡಿಯುವುದಕ್ಕೂ ಕಾರಣವಿದೆ. ತಮ್ಮ ಬಾಳಿನ ಯಾವುದೋ ಋಣ ತೀರುವ ತನಕ ಅವರು ಮುಂದೆ ಹೋಗುವಂತಿಲ್ಲ. ಮ್ಯಾನಿ ಬದುಕಿದ್ದಾಗ ಮಾಡಿದ ತಪ್ಪೇನೆಂದು ಆಟ ಎಲ್ಲಿಯೂ ಬಿಚ್ಚಿ ಹೇಳುವುದಿಲ್ಲ.

ಮ್ಯಾನಿಯ ಪಾಲಿಗೆ ಬರುವ ಗಿರಾಕಿಗಳೆಲ್ಲ ಊರುಗೋಲಿನವರೇ. ಒಳ್ಳೆಯ ಗಿರಾಕಿಗಳೆಲ್ಲ ಸಹೋದ್ಯೋಗಿ ಡಾಮಿನೊ ಹರ್ಲಿಯ ಪಾಲಾಗುತ್ತಾರೆ. ಹೊಟ್ಟೆಕಿಚ್ಚು ತಾಳದೆ ಮ್ಯಾನಿ ಉಪಾಯ ಹೂಡುತ್ತಾನೆ. ಸಾಹಸ ಆಟದ ಒಗಟು ಹೇಗಿರುತ್ತದೆಂಬುದಕ್ಕೆ ಇದೇ ಒಳ್ಳೆಯ ಉದಾಹರಣೆ. ಕಚೇರಿಯಲ್ಲಿ ಕಾಗದಪತ್ರಗಳು ಗಾಳಿಯ ಒತ್ತಡದಿಂದ ಕೊಳವೆಗಳಲ್ಲಿ ಓಡಾಡುತ್ತವೆ. ಹಬ್ಬದ ಬೀದಿಯಲ್ಲಿ ಒಬ್ಬ ವಿದೂಷಕ ಬಲೂನು ಕೊಡುತ್ತಾನೆ. ಕಚೇರಿಯ ಇನ್ನೊಂದು ಕೋಣೆಯಲ್ಲಿ, ಬೆರೆತರೆ ಉಬ್ಬಿ ಗಟ್ಟಿಯಾಗುವ ಎರಡು ದ್ರವಗಳಿವೆ. ಎರಡು ಬಲೂನುಗಳಲ್ಲಿ ಎರಡು ದ್ರವ ತುಂಬಿ ಕೊಳವೆಗೆ ಹಾಕಿದರೆ ಒಳಗೆ ಒಡೆದು, ಬೆರೆತು, ಕೊಳವೆ ಕಟ್ಟಿಕೊಳ್ಳುತ್ತದೆ. ಅದನ್ನು ಸರಿಪಡಿಸಲು ಬಂದವರು ಯಂತ್ರದ ಕೋಣೆಯ ಬಾಗಿಲು ತೆರೆದಾಗ ಮ್ಯಾನಿಗೆ ಡಾಮಿನೊನ ಗಿರಾಕಿಗಳ ಕಾಗದಕ್ಕೆ ದಾರಿಯಾಗುತ್ತದೆ. ಇದನ್ನೆಲ್ಲ ಆಡುವವರೇ ಊಹಿಸಿ ಮಾಡಬೇಕು.

ಹೀಗೆ ಕದ್ದ ಗಿರಾಕಿಯೇ ಮೆರ್ಸೆಡಿಸ್ ಕೊಲೊಮಾರ್. ಎಲ್ಲರೂ ಕರೆಯುವುದು ಮೇಚೆ ಎಂದು. ಜೀವನವಿಡೀ ಪರೋಪಕಾರ ಮಾಡಿದ ಹೆಣ್ಣುಮಗಳು. ಆಕೆಗೆ ರೈಲಿನ ಟಿಕೆಟ್ಟು ಖಂಡಿತವೆಂದು ಮ್ಯಾನಿ ಹಿಗ್ಗುತ್ತಾನೆ. ಗಣಕಯಂತ್ರ ಮಾತ್ರ ಇಲ್ಲವೆನ್ನುತ್ತದೆ. ಆಕೆ ನಡೆದೇ ಹೊರಡುತ್ತಾಳೆ.

ಆಮೇಲೆ ಬಯಲಾಗುವ ಸತ್ಯವೇ ಕಥೆಯ ಗಂಟು. ಹೆಕ್ಟರ್ ಲಮ್ಯಾನ್ಸ್ ಎಂಬ ಪಾತಕಿ ಇಲಾಖೆಯ ಒಳಗಿನವರನ್ನು ಕೊಂಡುಕೊಂಡು, ಸಜ್ಜನರಿಗೆ ಸಲ್ಲಬೇಕಾದ ಟಿಕೆಟ್ಟುಗಳನ್ನು ಕದಿಯುತ್ತಿದ್ದಾನೆ. ಹಣವಿರುವ ಪಾಪಿಗಳಿಗೆ ಟಿಕೆಟ್ಟು ಮಾರುತ್ತಿದ್ದಾನೆ. ರಜೆಗೆ ಊರಿಗೆ ಹೋಗಲು ರೈಲಿನ ಕಿಟಕಿಯ ಮುಂದೆ ರಾತ್ರಿಯೆಲ್ಲ ನಿಂತು, ಕೊನೆಗೆ ದಲ್ಲಾಳಿಯ ಕೈಯಲ್ಲಿ ಟಿಕೆಟ್ಟಿನ ಕಟ್ಟು ಕಂಡವರಿಗೆ ಈ ಸಿಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕ ತಪ್ಪಿದಾಗ

ಇಲ್ಲಿಂದ ಮುಂದಿನದು ಮೇಚೆಯನ್ನು ಹುಡುಕುವ ಪಯಣ. ಕಥೆ ನಾಲ್ಕು ಭಾಗಗಳಲ್ಲಿ ಸಾಗುತ್ತದೆ. ಒಂದೊಂದು ಭಾಗವೂ ಒಂದೊಂದು ವರ್ಷದ ಮೃತರ ದಿನದಂದು ನಡೆಯುತ್ತದೆ. ಮ್ಯಾನಿ ರೂಬಕಾವಾ ಎಂಬ ಬಂದರಿಗೆ ಬಂದು, ಹೊಟ್ಟೆಪಾಡಿಗೆ ಒಂದು ಹೋಟೆಲಿನಲ್ಲಿ ನೆಲ ಒರೆಸುವ ಕೆಲಸ ಹಿಡಿಯುತ್ತಾನೆ. ಮುಂದಿನ ವರ್ಷ ನೋಡಿದರೆ ಆ ಜಾಗದ ಒಡೆಯ ಅವನೇ. ಹಡಗಿನಲ್ಲಿ ಸಾಮಾನ್ಯ ನಾವಿಕನಾಗಿ ಸೇರಿದವನು ಮತ್ತೊಂದು ವರ್ಷಕ್ಕೆ ಕಪ್ತಾನ. ಲೋಟ ತೊಳೆಯುವ ಹುಡುಗರಾಗಿ ಮುಂಬಯಿಗೆ ಬಂದು ಹೋಟೆಲುಗಳ ಮಾಲೀಕರಾದ ನಮ್ಮವರ ಕಥೆ ಕೇಳಿ ಬೆಳೆದ ಓದುಗರು ಇಲ್ಲಿ ಮುಗುಳ್ನಗಬಹುದು. ಆದರೆ ಮ್ಯಾನಿಗೆ ಈ ಏಳಿಗೆಯಲ್ಲಿ ನೆಮ್ಮದಿಯಿಲ್ಲ. ತನ್ನ ಲೋಭದಿಂದಾಗಿಯೇ ಒಬ್ಬ ಸಜ್ಜನೆ ದಾರಿ ತಪ್ಪಿದಳೆಂಬ ಕೊರಗು ಅವನನ್ನು ನಿಲ್ಲಗೊಡುವುದಿಲ್ಲ.

ರೂಬಕಾವಾದ ಭಾಗದಲ್ಲಿ 1940ರ ದಶಕದ ಅಮೆರಿಕದ ಕಪ್ಪುಬಿಳುಪು ಅಪರಾಧ ಚಿತ್ರಗಳ ಛಾಯೆ ದಟ್ಟವಾಗಿದೆ. ‘ಕಾಸಾಬ್ಲಾಂಕಾ’ (1942) ಚಿತ್ರದ ಹೋಟೆಲು ಮಾಲೀಕನನ್ನೂ ‘ಡಬಲ್ ಇಂಡೆಮ್ನಿಟಿ’ (1944) ಚಿತ್ರದ ವಿಮಾ ಏಜೆಂಟನನ್ನೂ ಬಲ್ಲವರು ಮ್ಯಾನಿಯಲ್ಲಿ ಅವರ ಗುರುತು ಕಾಣುತ್ತಾರೆ. ಇಡೀ ನಗರವೇ ಕೊಳೆತಿರುವಾಗ, ತಾನೂ ಅಷ್ಟೇನೂ ಶುದ್ಧನಲ್ಲದ ಒಬ್ಬ ದಣಿದ ಮನುಷ್ಯ ಒಂದೇ ಒಂದು ಸರಿಯಾದ ಕೆಲಸ ಮಾಡಲು ಹೊರಡುವುದು ಆ ಚಿತ್ರಗಳ ಜಾಡು. ಶೇಫರ್ ಅದನ್ನು ಪರಲೋಕಕ್ಕೆ ಒಯ್ದರು. ಭೂಮಿಯ ಮೇಲಿನ ಅನ್ಯಾಯಕ್ಕೆ ಮೇಲೆ ಎಲ್ಲೋ ಪರಿಹಾರವಿದೆಯೆಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆ ಮೇಲಿನ ಕಚೇರಿಯಲ್ಲೂ ಲಂಚ ಹೊಕ್ಕರೆ?

ಆಟ ಇದಕ್ಕೆ ಕೊಡುವ ಉತ್ತರ ಸರಳ. ಲೆಕ್ಕದ ಪುಸ್ತಕ ತಪ್ಪಿದರೆ ಪುಸ್ತಕವನ್ನು ತಿದ್ದುವ ಮನುಷ್ಯರು ಬೇಕು. ಸಾಲ್ವಡೋರ್ ಲಿಮೋನೆಸ್ ಎಂಬ ಕ್ರಾಂತಿಕಾರಿ, ದಾರಿ ತಪ್ಪಿದ ಆತ್ಮಗಳ ಸಂಘ ಕಟ್ಟಿ ಇಲಾಖೆಯ ಮೋಸವನ್ನು ಬಯಲಿಗೆಳೆಯಲು ಹೆಣಗುತ್ತಾನೆ; ಕೊನೆಗೆ ತನ್ನನ್ನೇ ಬಲಿಕೊಡುತ್ತಾನೆ. ಸಮುದ್ರದ ಅಂಚಿನ ಹವಳದ ಗಣಿಯಲ್ಲಿ ಡಾಮಿನೊ ಆತ್ಮಗಳನ್ನು ಜೀತಕ್ಕಿಟ್ಟುಕೊಂಡಿರುತ್ತಾನೆ. ಅವರಲ್ಲಿ ಎಳೆಯ ಮಕ್ಕಳೂ ಇದ್ದಾರೆ. ಮ್ಯಾನಿ ಅಲ್ಲಿಗೆ ಬಂದುದು ಮೇಚೆಯೊಬ್ಬಳಿಗಾಗಿ. ಆದರೆ ಹೊರಡುವಾಗ ಎಲ್ಲರನ್ನೂ ಜೊತೆಗೆ ಕರೆದೊಯ್ಯದೆ ಗತ್ಯಂತರವಿಲ್ಲ. ತನ್ನ ಋಣ ತೀರಿಸಿಕೊಳ್ಳಲೆಂದು ಹೊರಟವನು ಇತರರ ಸಾಲ ತೀರಿಸುವವನಾಗುತ್ತಾನೆ. ಈ ಬದಲಾವಣೆಯನ್ನು ಯಾವ ಪಾತ್ರವೂ ಭಾಷಣ ಮಾಡಿ ಹೇಳುವುದಿಲ್ಲ. ಆಡುವವರು ತಾವೇ ಅದನ್ನು ನಡೆದು ತಿಳಿಯುತ್ತಾರೆ.

ಹಣ ಕೊಟ್ಟು ಟಿಕೆಟ್ಟು ಕೊಂಡವರ ಗತಿಯನ್ನೂ ಆಟ ಮರೆತಿಲ್ಲ. ಹೆಕ್ಟರ್ ಮಾರಿದವು ನಕಲಿ. ಅಸಲಿ ಟಿಕೆಟ್ಟುಗಳನ್ನು ಅವನು ತನಗೇ ಇಟ್ಟುಕೊಂಡಿದ್ದ. ಪುಣ್ಯವನ್ನು ಕೊಳ್ಳಬಹುದೆಂದು ನಂಬಿದವರಿಗೆ ಕೊನೆಗೆ ದಕ್ಕುವುದು ಮೋಸವೇ. ಎಲ್ಲ ಮುಗಿದ ಮೇಲೆ ಮ್ಯಾನಿ ಟಿಕೆಟ್ಟುಗಳನ್ನು ಅವುಗಳ ನಿಜವಾದ ಒಡೆಯರಿಗೆ ಹಿಂದಿರುಗಿಸುತ್ತಾನೆ. ಅವನ ಹೆಸರಿಗೆ ಟಿಕೆಟ್ಟಿರಲಿಲ್ಲ. ಆದರೂ ಒಂದು ದೊರೆಯುತ್ತದೆ. ಲೆಕ್ಕದಲ್ಲಿ ಇಲ್ಲದುದು ಕರುಣೆಯಿಂದ ಬಂದಿತು ಎನ್ನಬಹುದು.

ಹೂವಾಗಿ ಸಾಯುವುದು

ಸತ್ತವರ ನಾಡಿನಲ್ಲಿ ಮತ್ತೆ ಸಾಯುವುದು ಹೇಗೆ? ಇದಕ್ಕೆ ಆಟ ಕಂಡುಕೊಂಡ ಕಲ್ಪನೆ ಮರೆಯಲಾಗದು. ಅಲ್ಲಿನ ಬಂದೂಕಿನಿಂದ ಹಾರುವ ಮದ್ದು ಮೂಳೆಗೆ ತಗುಲಿದರೆ ಅದರಿಂದ ಗಿಡಗಳು ಮೊಳೆತು, ನೋಡನೋಡುತ್ತಿದ್ದಂತೆ ಇಡೀ ಅಸ್ಥಿಪಂಜರವನ್ನು ಹೂಗಳು ಮುಚ್ಚುತ್ತವೆ. ಅಲ್ಲಿಗೆ ಆ ಆತ್ಮದ ಅಂತ್ಯ. ಬದುಕಿರುವವರಿಗೆ ಮೂಳೆ ಭಯ ಹುಟ್ಟಿಸುವಂತೆ ಸತ್ತವರಿಗೆ ಹೂವು ಭಯ ಹುಟ್ಟಿಸುತ್ತದೆ. ರೂಬಕಾವಾದ ಶವಪರೀಕ್ಷಕ ಹೂಮುಚ್ಚಿದ ದೇಹಗಳ ನಡುವೆ ಒಬ್ಬನೇ ಮೌನವಾಗಿ ಕೆಲಸ ಮಾಡುವ ದೃಶ್ಯದಲ್ಲಿ ಹಾಸ್ಯ ತಾನಾಗಿ ಹಿಂದೆ ಸರಿಯುತ್ತದೆ. ಕೊನೆಯಲ್ಲಿ ಹೆಕ್ಟರನೂ ಹೀಗೆಯೇ ಹೂವಾಗಿ ಮುಗಿಯುತ್ತಾನೆ.

ಇನ್ನೊಂದು ಪಾತ್ರವನ್ನು ಹೇಳದಿದ್ದರೆ ಪರಿಚಯ ಅಪೂರ್ಣ. ಗ್ಲಾಟಿಸ್ ಎಂಬುದು ಮ್ಯಾನಿಯ ಜೊತೆಗಾರ ಭೂತ. ಕಿತ್ತಳೆ ಬಣ್ಣದ ಭಾರಿ ಗಾತ್ರದ ಪ್ರಾಣಿ. ವಾಹನ ಓಡಿಸುವುದು, ರಿಪೇರಿ ಮಾಡುವುದು ಅದರ ಹುಟ್ಟುಗುಣ. ವೇಗವಾಗಿ ಓಡದಿದ್ದರೆ ಅದರ ಆರೋಗ್ಯವೇ ಕೆಡುತ್ತದೆ. ನಾಲ್ಕು ವರ್ಷ ಜೊತೆಗಿದ್ದ ಗ್ಲಾಟಿಸ್ ಕೊನೆಯ ರೈಲನ್ನು ಹತ್ತುವಂತಿಲ್ಲ, ಏಕೆಂದರೆ ಅದು ಎಂದೂ ಬದುಕಿದ್ದ ಮನುಷ್ಯನಲ್ಲ. ಮ್ಯಾನಿ ಮತ್ತು ಮೇಚೆ ರೈಲಿನಲ್ಲಿ ಕುಳಿತು ಹೊರಟಾಗ ಗ್ಲಾಟಿಸ್ ಈಚೆಯೇ ಉಳಿಯುತ್ತದೆ. ಗೆಲುವಿನಲ್ಲೂ ಒಂದು ಅಗಲಿಕೆ ಇದ್ದೇ ಇರುತ್ತದೆಂಬ ಮಾತನ್ನು ನಿಲ್ದಾಣದಲ್ಲಿ ನಿಂತು ಕೈಬೀಸಿದವರೆಲ್ಲ ಬಲ್ಲರು.

ಒಂದು ಕನ್ನಡದ ಎಳೆ

ಈ ಆಟಕ್ಕೂ ಕನ್ನಡಕ್ಕೂ ನೇರ ಸಂಬಂಧವಿಲ್ಲ. ಆದರೆ ತೆಳುವಾದ ಒಂದು ಎಳೆ ಇದೆ. ಅದು ಸ್ವಾರಸ್ಯಕರವಾದುದರಿಂದ ಇಲ್ಲಿ ದಾಖಲಿಸಬೇಕು. ಶೇಫರ್ ಓದಿದ್ದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಮಾನವಶಾಸ್ತ್ರದ ತರಗತಿಗಳಿಂದ ಅವರಿಗೆ ಜಾನಪದದಲ್ಲಿ ಆಸಕ್ತಿ ಹುಟ್ಟಿತು. ಅಲ್ಲಿನ ಪ್ರಸಿದ್ಧ ಜಾನಪದ ವಿದ್ವಾಂಸ ಅಲನ್ ಡಂಡಿಸ್ (1934–2005) ಅವರೊಡನೆ ಆಡಿದ ಮಾತುಗಳಿಂದ, ಸತ್ತವರ ನಾಲ್ಕು ವರ್ಷದ ಪಯಣ ಒಂದು ಸಾಹಸ ಆಟಕ್ಕೆ ತಕ್ಕ ಚೌಕಟ್ಟೆಂದು ಅವರಿಗೆ ಹೊಳೆಯಿತು.

ಇದೇ ಡಂಡಿಸ್ ಅವರು ನಮ್ಮ ಎ. ಕೆ. ರಾಮಾನುಜನ್ ಅವರ ಕೊನೆಯ ಜಾನಪದ ಸಂಕಲನವನ್ನು ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಅವರ ಜೊತೆಗೂಡಿ ಸಂಪಾದಿಸಿದವರು. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ನೆಲೆಸಿದ್ದ ರಾಮಾನುಜನ್ ದಶಕಗಳ ಕಾಲ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳು ಅದರಲ್ಲಿವೆ. 1993ರಲ್ಲಿ ಅವರು ಹಠಾತ್ತನೆ ತೀರಿಕೊಂಡಾಗ ಕೆಲಸ ಅಪೂರ್ಣವಾಗಿತ್ತು. ಇವರಿಬ್ಬರೂ ಅದನ್ನು ಪೂರ್ತಿಗೊಳಿಸಿ 1997ರಲ್ಲಿ ‘ಎ ಫ್ಲವರಿಂಗ್ ಟ್ರೀ’ ಎಂಬ ಹೆಸರಿನಲ್ಲಿ ಪ್ರಕಟಣೆಗೆ ಒದಗಿಸಿದರು. ಮರುವರ್ಷವೇ ‘ಗ್ರಿಮ್ ಫ್ಯಾಂಡ್ಯಾಂಗೊ’ ಹೊರಬಂದಿತು.

ಇದು ಆಕಸ್ಮಿಕವೇ ಸರಿ. ಆದರೂ ಇದರಲ್ಲಿ ಒಂದು ಪಾಠವಿದೆ. ಜನಪದದ ಕಥೆ ಅಜ್ಜಿಯ ಬಾಯಿಂದ ಪುಸ್ತಕಕ್ಕೆ ಬಂದೊಡನೆ ಮುಗಿಯುವುದಿಲ್ಲ. ಹೂಮರವಾಗುವ ಹುಡುಗಿಯ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರವಾಗಿಸಿದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಅದನ್ನೇ ಪಾಶ್ಚಾತ್ಯ ಸಂಗೀತ ನಾಟಕವಾಗಿಸಿದರು. ಮೆಕ್ಸಿಕೋದ ನಂಬಿಕೆ ಗಣಕ ಆಟವಾದುದೂ ಇದೇ ಬಗೆಯಲ್ಲಿ. ಶೇಫರ್ ಹಬ್ಬದ ಅಲಂಕಾರವನ್ನಷ್ಟೇ ಎತ್ತಿಕೊಂಡಿದ್ದರೆ ಆಟ ಬಣ್ಣದ ಗೊಂಬೆಯಾಗಿ ಮರೆತುಹೋಗುತ್ತಿತ್ತು. ಅವರು ಅದರ ಒಳಗಿನ ನಿಯಮವನ್ನು, ಎಂದರೆ ಸಾವಿನ ಆಚೆಗೂ ನಡೆಯಬೇಕಾದ ದಾರಿಯಿದೆ ಎಂಬುದನ್ನು ಹಿಡಿದರು. ನಮ್ಮ ಜನಪದವನ್ನು ಹೊಸ ಮಾಧ್ಯಮಗಳಿಗೆ ಒಯ್ಯಬೇಕೆನ್ನುವ ಕನ್ನಡದ ತರುಣರು ಗಮನಿಸಬೇಕಾದ ಅಂಶ ಇದು.

ಆಟದ ಮರುಹುಟ್ಟು

ತಾಂತ್ರಿಕವಾಗಿಯೂ ಈ ಆಟ ಗಮನಾರ್ಹ. 1998ರ ಗಣಕಯಂತ್ರಗಳಲ್ಲಿ ಮೂರು ಆಯಾಮದ ಮನುಷ್ಯಮುಖವನ್ನು ಸಹಜವಾಗಿ ತೋರಿಸುವುದು ಕಷ್ಟವಿತ್ತು. ಕಾಗದದ ಗೊಂಬೆಯ ಮುಖಕ್ಕೆ ಕಣ್ಣು ಬಾಯಿ ಬರೆದಂತೆ ಸರಳ ಬುರುಡೆಯ ಮೇಲೆ ಚಿತ್ರ ಬಳಿದರೆ ಸಾಕೆಂಬ ಉಪಾಯದಿಂದ ಕೊರತೆಯೇ ಸೊಗಸಾಯಿತು. ಆಟದ ನಡೆಯನ್ನು ಬರೆಯಲು ‘ಲುವಾ’ ಎಂಬ ಕ್ರಮವಿಧಿ ಭಾಷೆಯನ್ನು ಬಳಸಿದರು. ಬ್ರೆಜಿಲ್ ದೇಶದ ವಿಶ್ವವಿದ್ಯಾಲಯವೊಂದರಲ್ಲಿ 1993ರಲ್ಲಿ ಹುಟ್ಟಿದ ಈ ಭಾಷೆ ಗಣಕ ಆಟಗಳ ಲೋಕಕ್ಕೆ ಪರಿಚಿತವಾಗಲು ಈ ಆಟವೂ ಒಂದು ಕಾರಣ. ಪೀಟರ್ ಮೆಕ್‌ಕಾನೆಲ್ ಅವರ ಸಂಗೀತದಲ್ಲಿ ಜಾಜ್ ಮತ್ತು ಮೆಕ್ಸಿಕೋದ ಜಾನಪದ ವಾದ್ಯಗಳು ಜೊತೆಯಾಗಿ ನಡೆಯುತ್ತವೆ. ಮ್ಯಾನಿಗೆ ಧ್ವನಿ ನೀಡಿದವರು ಕ್ಯೂಬಾ ಮೂಲದ ನಟ ಟೋನಿ ಪ್ಲಾನಾ.

ವಿಮರ್ಶಕರು ಹೊಗಳಿದರು, ಪ್ರಶಸ್ತಿಗಳು ಬಂದವು. ನಿರೀಕ್ಷಿಸಿದಷ್ಟು ಮಾರಾಟ ಮಾತ್ರ ಆಗಲಿಲ್ಲ. ವೇಗದ ಆಟಗಳ ಕಾಲ ಬಂದಿತ್ತು. ಶೇಫರ್ 2000ದಲ್ಲಿ ಹೊರಬಂದು ‘ಡಬಲ್ ಫೈನ್’ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಹಳೆಯ ಆಟ ಹೊಸ ಗಣಕಯಂತ್ರಗಳಲ್ಲಿ ಸರಿಯಾಗಿ ನಡೆಯದಾಯಿತು, ಅಂಗಡಿಗಳಲ್ಲೂ ಸಿಗದಾಯಿತು. ಆದರೆ ಅದನ್ನು ಮೆಚ್ಚಿದವರು ಬಿಡಲಿಲ್ಲ. ಹೊಸ ಯಂತ್ರಗಳಲ್ಲಿ ಓಡಿಸಲು ಬೇಕಾದ ತಿದ್ದುಪಡಿಗಳನ್ನು ಅಭಿಮಾನಿಗಳು ತಾವೇ ಬರೆದು ಹಂಚಿದರು.

2012ರಲ್ಲಿ ಡಿಸ್ನಿ ಸಂಸ್ಥೆ ಲೂಕಾಸ್‌ಫಿಲ್ಮ್ ಅನ್ನು ಕೊಂಡುಕೊಂಡಿತು. 2013ರಲ್ಲಿ ಲೂಕಾಸ್‌ಆರ್ಟ್ಸ್‌ನ ಆಟ ತಯಾರಿಕೆ ನಿಂತಿತು. ಬಳಿಕ ಡಬಲ್ ಫೈನ್ ಸಂಸ್ಥೆಗೆ ಈ ಆಟವನ್ನು ಪುನರುಜ್ಜೀವಿಸುವ ಅವಕಾಶ ದೊರೆಯಿತು. ಮೂಲ ಕಡತಗಳು ಹಳೆಯ ಕಾಂತೀಯ ಟೇಪುಗಳಲ್ಲಿದ್ದವು. ಅವನ್ನು ಓದುವ ಯಂತ್ರವೇ ಅಪರೂಪವಾಗಿತ್ತು. ಹಿಂದೆ ಅಲ್ಲಿ ದುಡಿದಿದ್ದ ಧ್ವನಿ ತಂತ್ರಜ್ಞರೊಬ್ಬರು ಅಂಥ ಯಂತ್ರವೊಂದನ್ನು ಉಳಿಸಿಕೊಂಡಿದ್ದುದರಿಂದ ಧ್ವನಿಯ ಕಡತಗಳು ಮರಳಿ ದೊರೆತವು. ಮೆಲ್ಬರ್ನ್ ಸಿಂಫನಿ ವಾದ್ಯವೃಂದದಿಂದ ಸಂಗೀತವನ್ನು ಹ��ಸದಾಗಿ ನುಡಿಸಲಾಯಿತು. 2015ರ ಜನವರಿಯಲ್ಲಿ ಆಟ ಹೊಸ ರೂಪದಲ್ಲಿ ಬಂದಿತು. ಆಮೇಲೆ ಮೊಬೈಲ್ ದೂರವಾಣಿಗಳಿಗೂ ಇತರ ಆಟದ ಯಂತ್ರಗಳಿಗೂ ಸಿದ್ಧವಾಯಿತು. ನೆನಪಿಟ್ಟುಕೊಂಡವರು ಇರುವ ತನಕ ಸತ್ತವರು ಪೂರ್ತಿ ಸಾಯುವುದಿಲ್ಲ ಎಂಬುದು ಮೃತರ ದಿನದ ನಂಬಿಕೆ. ಆಟದ ಪಾಲಿಗಂತೂ ಅದು ಅಕ್ಷರಶಃ ನಿಜವಾಯಿತು.

ಮನೆಯಲ್ಲಿ ಆಡುವವರಿಗೆ

ದೋಷಗಳನ್ನೂ ಹೇಳಬೇಕು. ಕೆಲವು ಒಗಟುಗಳು ತೀರ ವಕ್ರವಾಗಿವೆ; ಸುಳಿವು ಸಾಲದೆ ಗಂಟೆಗಟ್ಟಲೆ ಅಲೆಯಬೇಕಾಗುತ್ತದೆ. ಮೂಲ ಆವೃತ್ತಿಯಲ್ಲಿ ಮ್ಯಾನಿಯನ್ನು ನಡೆಸುವುದೇ ತಾಳ್ಮೆಯ ಪರೀಕ್ಷೆಯಾಗಿತ್ತು. ಹೊಸ ರೂಪದಲ್ಲಿ ಅದು ಸುಲಭವಾಗಿದೆ. ಪಾತ್ರಗಳು ಧೂಮಪಾನ, ಮದ್ಯಪಾನ ಮಾಡುತ್ತವೆ, ಬಂದೂಕೂ ಇದೆ. ಆದುದರಿಂದ ಎಳೆಯ ಮಕ್ಕಳಿಗಿಂತ ಹೈಸ್ಕೂಲು ದಾಟುತ್ತಿರುವವರಿಗೆ ಹೆಚ್ಚು ತಕ್ಕುದು. ಸಂಭಾಷಣೆ ಇಂಗ್ಲಿಷಿನಲ್ಲಿದೆ, ಕನ್ನಡ ರೂಪವಿಲ್ಲ. ಹಿರಿಯರು ಪಕ್ಕದಲ್ಲಿ ಕುಳಿತು, ಮಕ್ಕಳು ಅರ್ಥ ಹೇಳುತ್ತ ಆಡಿದರೆ ಈ ಕೊರತೆಯೂ ಒಂದು ಅನುಕೂಲವೇ ಆದೀತು. ಒಂದು ರಜೆಯ ಕೆಲವು ಸಂಜೆಗಳು ಸಾಕು.

ಹಾಗೆ ಆಡುತ್ತಿರುವಾಗ ತಿಥಿಯ ದಿನದ ಆ ಹಳೆಯ ಪ್ರಶ್ನೆ ಮತ್ತೆ ಬಂದರೂ ಬರಬಹುದು. ಅಜ್ಜಿ ಹೇಗೆ ಹೋದರು, ಜೊತೆಗೆ ಯಾರಿದ್ದರು? ಈ ಆಟ ಅದಕ್ಕೆ ಶಾಸ್ತ್ರದ ಉತ್ತರ ಕೊಡುವುದಿಲ್ಲ. ದಾರಿ ಉದ್ದವಿದೆ, ಮೋಸವೂ ಇದೆ, ಆದರೆ ಜೊತೆಗಾರರು ಸಿಗುತ್ತಾರೆ, ಒಬ್ಬರ ಹಕ್ಕನ್ನು ಇನ್ನೊಬ್ಬರು ಕಾಯಬೇಕು ಎಂದಷ್ಟೇ ಹೇಳುತ್ತದೆ. ಅಜ್ಜಿ ಬದುಕಿದ್ದಾಗ ಯಾರ ಯಾರ ದಾರಿಗೆ ಜೊತೆಯಾಗಿದ್ದರೆಂದು ಆ ಸಂಜೆ ಮಕ್ಕಳಿಗೆ ಹೇಳಿದರೆ, ಪಾಯಸ ಬಡಿಸಿ ಮಾತು ಮರೆಸುವ ಅಗತ್ಯ ಬೀಳಲಾರದು.